ಎಲ್‌ಕ್ಯೂ ಸಾಕಾ, ಬೇರೆ ಮಾದರಿ ಬೇಕಾ? ರೇಡಿಯೇಷನ್ ಆದಮೇಲೆ ಉಳಿಯುವ ಕೋಶಗಳ ಲೆಕ್ಕ

ಒಂದು ಗೆಡ್ಡೆಗೆ ಒಂದೇ ಸಲಕ್ಕೆ 20 ಗ್ರೇ ಡೋಸ್ ಕೊಟ್ಟಿದ್ದೀರಿ ಅಂದುಕೊಳ್ಳಿ. (ಗ್ರೇ ಅಂದರೆ ರೇಡಿಯೇಷನ್ ಡೋಸ್ ಅಳೆಯುವ ಮಾನ.) ಆ ಕೋಶಗಳು ರೇಡಿಯೇಷನ್ನಿಗೆ ಎಷ್ಟು ಸೂಕ್ಷ್ಮ ಅಂತ ಹೇಳುವ ಎರಡು ಸ್ಥಿರಾಂಕ: ಆಲ್ಫಾ 0.3, ಬೀಟಾ 0.03. ಉಳಿಯುವ ಕೋಶಗಳ ಲೆಕ್ಕ ಹಾಕುವ ಎಲ್‌ಕ್ಯೂ (ಲೀನಿಯರ್-ಕ್ವಾಡ್ರಾಟಿಕ್) ಮಾದರಿಯನ್ನು ಕೇಳಿದರೆ 10 ಕೋಟಿ ಕೋಶಗಳಲ್ಲಿ ಒಂದೂವರೆ ಉಳಿಯುತ್ತದೆ ಅನ್ನುತ್ತದೆ. (ಅರ್ಧ ಕೋಶ ಹೇಗೆ ಅಂತ ಕೇಳಬೇಡಿ, ಸರಾಸರಿ ಅದು.) ಅದೇ ಮಾದರಿಯ ಗ್ರಾಫಿನ ಬಾಲವನ್ನು (ಹೆಚ್ಚು ಡೋಸಿನ ತುದಿಯನ್ನು) 8 ಗ್ರೇ ದಾಟಿದ ಮೇಲೆ ನೇರ ಗೆರೆ ಮಾಡಿ ನೋಡಿ. ಈಗ ಉತ್ತರ ಸುಮಾರು 115. ಎಪ್ಪತ್ತೈದು ಪಟ್ಟು ಜಾಸ್ತಿ!

ಡೋಸನ್ನು 2 ಗ್ರೇಗೆ ಇಳಿಸಿದರೆ ಎರಡೂ ಮಾದರಿಗಳು ಹೇಳುವುದು ಒಂದೇ: ಉಳಿಯುವುದು ಶೇಕಡ 49.

ಹಾಗಾಗಿ "ಯಾವ ಮಾದರಿ ಸರಿ?" ಅಂತ ಯಾರಾದರೂ ಕೇಳಿದರೆ ನಾನು ಮೊದಲು ತಿರುಗಿ ಕೇಳುವುದು "ಒಂದು ಸಲಕ್ಕೆ ಎಷ್ಟು ಗ್ರೇ?" ಅಂತ. ಮೆಡಿಕಲ್ ಫಿಸಿಕ್ಸ್ ಓದುವವರು, ರೇಡಿಯೋಥೆರಪಿ ವಿಭಾಗಕ್ಕೆ ಹೊಸದಾಗಿ ಬಂದವರು, ಲ್ಯಾಬ್‌ನಲ್ಲಿ ಕೋಶ ಬೆಳೆಸಿ ಗ್ರಾಫ್ ಹಾಕುವವರು ಎಲ್ಲರಿಗೂ ಈ ಪ್ರಶ್ನೆ ಎದುರಾಗುತ್ತದೆ. ಪುಸ್ತಕಗಳಲ್ಲಿ ಏಳೆಂಟು ಸೂತ್ರ ಸಾಲಾಗಿ ಇರುತ್ತವೆ, ಎಲ್ಲವೂ ಸಮಾನ ಅನ್ನೋ ಹಾಗೆ. ಅವು ಸಮಾನ ಅಲ್ಲ.

ಮೊದಲು, "ಉಳಿದಿದೆ" ಅಂದರೇನು

ಇಲ್ಲಿ ಕೋಶ ಬದುಕಿದೆ ಅಂದರೆ ಉಸಿರಾಡುತ್ತಿದೆ ಅಂತಲ್ಲ. ಅದು ಇನ್ನೂ ಮರಿ ಹಾಕುತ್ತಾ ಹೋಗಬಲ್ಲದು ಅಂತ. ಪ್ಲೇಟಿನಲ್ಲಿ ಒಂಟಿ ಕೋಶಗಳನ್ನು ಬಿತ್ತಿ, ರೇಡಿಯೇಷನ್ ಕೊಟ್ಟು, ಎರಡು ವಾರದ ಹೊತ್ತಿಗೆ ಬಣ್ಣ ಹಾಕಿ ನೋಡುತ್ತಾರೆ. 50 ಕೋಶಕ್ಕಿಂತ ದೊಡ್ಡ ಗುಂಪಾಗಿದ್ದರೆ ಅದು ಉಳಿದ ಕೋಶ. ಎರಡು ಮೂರು ಸಲ ಒಡೆದು ಸುಮ್ಮನಾದರೆ ಸತ್ತ ಹಾಗೆಯೇ ಲೆಕ್ಕ. ಪಕ್ ಮತ್ತು ಮಾರ್ಕಸ್ 1956ರಲ್ಲಿ ಹೀಲಾ ಕೋಶಗಳ (ಲ್ಯಾಬ್‌ನಲ್ಲಿ ಬೆಳೆಸುವ ಮನುಷ್ಯರ ಕ್ಯಾನ್ಸರ್ ಕೋಶಗಳ) ಮೇಲೆ ಈ ರೀತಿ ಮೊದಲ ಗ್ರಾಫ್ ತೆಗೆದರು. ಕೆಳಗೆ ಡೋಸ್, ಪಕ್ಕದಲ್ಲಿ ಉಳಿದ ಪಾಲು, ಅದೂ ಲಾಗ್ ಸ್ಕೇಲಿನಲ್ಲಿ. ಮುಂದೆ ಬಂದ ಮಾದರಿಗಳೆಲ್ಲ ಈ ಗ್ರಾಫಿನ ಆಕಾರವನ್ನು ಹಿಡಿಯಲು ಹೊರಟವೇ.

ಆಕಾರ ಹೇಗಿರುತ್ತದೆ? ಶುರುವಿನಲ್ಲಿ ಮೆಲ್ಲಗೆ ಇಳಿಯುತ್ತದೆ, ಭುಜದ ಹಾಗೆ. ಆಮೇಲೆ ಕಡಿದಾಗುತ್ತದೆ. ಜಗಳ ಇರುವುದು ಈ ಭುಜದ ಬಗ್ಗೆ, ಮತ್ತು ಭುಜ ಮುಗಿದ ಮೇಲಿನ ಬಾಲದ ಬಗ್ಗೆ.

ನೇರ ಗೆರೆ ಮತ್ತು ಹಳೆಯ ಟಾರ್ಗೆಟ್ ಲೆಕ್ಕ

ಒಂದು ಏಟಿಗೆ ಒಂದು ಸಾವು ಅನ್ನುವುದು ಎಲ್ಲಕ್ಕಿಂತ ಸರಳ ಮಾದರಿ. ಲಾಗ್ ಗ್ರಾಫಿನಲ್ಲಿ ನೇರ ಗೆರೆ ಬರುತ್ತದೆ. ಉಳಿದ ಪಾಲನ್ನು ಶೇಕಡ 37ಕ್ಕೆ ಇಳಿಸುವ ಡೋಸಿಗೆ ಡಿ-ಸೊನ್ನೆ ಅಂತ ಹೆಸರು. ವೈರಸ್‌ಗಳಿಗೆ, ಆಲ್ಫಾ ಕಣಗಳಂಥ ದಟ್ಟ ರೇಡಿಯೇಷನ್ನಿಗೆ ಇದು ಚೆನ್ನಾಗಿ ಕೂಡುತ್ತದೆ. ಎಕ್ಸ್-ರೇಗೆ ಕೂಡುವುದಿಲ್ಲ, ಭುಜವೇ ಇಲ್ಲವಲ್ಲ.

ಭುಜ ಬರಿಸಲು ಮಲ್ಟಿ-ಟಾರ್ಗೆಟ್ ಮಾದರಿ ಬಂತು. ಕೋಶದೊಳಗೆ ಹಲವು ಗುರಿಗಳಿವೆ, ಎಲ್ಲಕ್ಕೂ ಒಂದೊಂದು ಏಟು ಬಿದ್ದರೆ ಮಾತ್ರ ಸಾವು ಅನ್ನುತ್ತದೆ ಇದು. ಭುಜ ಬಂತು, ಬಾಲವೂ ನೇರವಾಗಿ ಬಂತು. ನೋಡಲು ಚೆಂದ. ಆದರೆ ಕಡಿಮೆ ಡೋಸಿನಲ್ಲಿ ಇದು ಮುಗ್ಗರಿಸುತ್ತದೆ. ಗುರಿಗಳು 4, ಡಿ-ಸೊನ್ನೆ 1.5 ಗ್ರೇ ಅಂತ ಇಟ್ಟು 0.5 ಗ್ರೇಗೆ ಲೆಕ್ಕ ಹಾಕಿ. ಶೇಕಡ 99.4 ಉಳಿಯುತ್ತವೆ ಅನ್ನುತ್ತದೆ. ಅಂದರೆ 60 ಗ್ರೇಯನ್ನು ಅರ್ಧರ್ಧ ಗ್ರೇಯ 120 ಕಂತು ಮಾಡಿ ಕೊಟ್ಟರೆ, ಇದರ ಪ್ರಕಾರ ಶೇಕಡ 46ರಷ್ಟು ಕೋಶಗಳು ಆರಾಮಾಗಿ ಇರಬೇಕು! ಯಾವ ಪ್ರಯೋಗದಲ್ಲೂ ಹೀಗಾಗುವುದಿಲ್ಲ. ಶುರುವಿನ ಇಳಿಜಾರು ಸೊನ್ನೆ ಅಂತ ಈ ಸೂತ್ರ ಹಟ ಹಿಡಿಯುವುದೇ ಕಾರಣ. ಕಂತಿನ ಚಿಕಿತ್ಸೆಯ ಲೆಕ್ಕಕ್ಕೆ ಇದನ್ನು ಬಳಸಬೇಡಿ. ಆದರೂ ಹೆಸರು ನೆನಪಿಟ್ಟುಕೊಳ್ಳಿ, ಇದರ ಬಾಲ ಮುಂದೆ ಇನ್ನೊಂದು ಕಡೆ ಬೇಕಾಗುತ್ತದೆ.

ಎಲ್‌ಕ್ಯೂ: ದಿನದ ಕೆಲಸಕ್ಕೆ ಇದೇ

ಲೀನಿಯರ್-ಕ್ವಾಡ್ರಾಟಿಕ್ ಮಾದರಿಯಲ್ಲಿ ಹಾನಿ ಎರಡು ಭಾಗ. ಒಂದು ಡೋಸಿಗೆ ತಕ್ಕ ಹಾಗೆ ಏರುತ್ತದೆ, ಅದು ಆಲ್ಫಾ. ಇನ್ನೊಂದು ಡೋಸಿನ ವರ್ಗಕ್ಕೆ ತಕ್ಕ ಹಾಗೆ, ಅದು ಬೀಟಾ. ಒಂದೇ ಕಣ ಸರಿಪಡಿಸಲಾಗದ ಗಾಯ ಮಾಡಿದರೆ ಆಲ್ಫಾ ಖಾತೆಗೆ, ಎರಡು ಬೇರೆ ಕಣಗಳ ಗಾಯಗಳು ಜೊತೆಗೂಡಿ ಕೊಂದರೆ ಬೀಟಾ ಖಾತೆಗೆ ಅಂತ ಸಾಮಾನ್ಯ ವಿವರಣೆ. 1970ರ ದಶಕದ ಶುರುವಿನಲ್ಲಿ ಕೆಲ್ಲರರ್ ಮತ್ತು ರೋಸಿ ಒಂದು ದಾರಿಯಿಂದ, ಚಾಡ್ವಿಕ್ ಮತ್ತು ಲೀನ್‌ಹೌಟ್ಸ್ ಡಿಎನ್‌ಎ ಎಳೆ ಮುರಿಯುವ ದಾರಿಯಿಂದ ಇದೇ ಸೂತ್ರಕ್ಕೆ ಬಂದರು. 1976ರಲ್ಲಿ ಡಗ್ಲಸ್ ಮತ್ತು ಫೌಲರ್ ಇಲಿ ಚರ್ಮದ ಮೇಲಿನ ಕೆಲಸದಿಂದ ಇದನ್ನು ಕಂತಿನ ಲೆಕ್ಕಕ್ಕೆ ತಂದರು.

ಅದಕ್ಕೂ ಮೊದಲು ಆಸ್ಪತ್ರೆಗಳಲ್ಲಿ ಇದ್ದದ್ದು ಎಲ್ಲಿಸ್ ಅವರ 1969ರ ಎನ್‌ಎಸ್‌ಡಿ (ನಾಮಿನಲ್ ಸ್ಟ್ಯಾಂಡರ್ಡ್ ಡೋಸ್) ಸೂತ್ರ. ಕಂತಿನ ಸಂಖ್ಯೆಗೆ 0.24, ಒಟ್ಟು ದಿನಗಳಿಗೆ 0.11 ಅನ್ನೋ ಘಾತಗಳು. ಎಲ್ಲ ಅಂಗಗಳಿಗೂ ಒಂದೇ ಸೂತ್ರ. ಕಂತು ದೊಡ್ಡದಾದಾಗ ತಡವಾಗಿ ಬರುವ ಹಾನಿಯನ್ನು ಅದು ಕಡಿಮೆ ತೋರಿಸುತ್ತಿತ್ತು, ಪೇಷೆಂಟ್‌ಗಳು ಅದಕ್ಕೆ ಬೆಲೆ ತೆತ್ತರು. ಈಗ ಅದು ಹಳೆಯ ಫೈಲುಗಳಲ್ಲಿ ಮಾತ್ರ ಸಿಗುತ್ತದೆ. ಅಲ್ಲೇ ಇರಲಿ.

ಎಲ್‌ಕ್ಯೂನ ಬಲ ಇರುವುದು ಆಲ್ಫಾ-ಬೀಟಾ ಅನುಪಾತದಲ್ಲಿ. ಬೇಗ ಬೆಳೆಯುವ ಗೆಡ್ಡೆಗಳಿಗೆ ಸಾಮಾನ್ಯವಾಗಿ 10 ಗ್ರೇ, ತಡವಾಗಿ ಹಾನಿ ತೋರಿಸುವ ಅಂಗಗಳಿಗೆ 3, ಬೆನ್ನುಹುರಿಗೆ 2 ಅಂತ ಹಿಡಿಯುತ್ತಾರೆ. ಅನುಪಾತ ಸಣ್ಣದಾದಷ್ಟೂ ದೊಡ್ಡ ಕಂತಿಗೆ ಆ ಅಂಗ ಹೆಚ್ಚು ನೋಯುತ್ತದೆ. ಇದನ್ನು ಬಿಇಡಿ (ಬಯಾಲಾಜಿಕಲಿ ಎಫೆಕ್ಟಿವ್ ಡೋಸ್, ಅಂದರೆ ಕೋಶಗಳ ಮೇಲೆ ಆಗುವ ಪರಿಣಾಮದ ಅಳತೆ) ಅನ್ನೋ ಒಂದೇ ಸಂಖ್ಯೆಗೆ ಇಳಿಸಬಹುದು: ಒಟ್ಟು ಡೋಸ್ × (1 + ಕಂತಿನ ಡೋಸ್ ÷ ಅನುಪಾತ). ಅಷ್ಟೇ. ಮೊಬೈಲ್ ಕ್ಯಾಲ್ಕುಲೇಟರ್ ಸಾಕು.

ಪ್ರಾಸ್ಟೇಟ್ ತೆಗೆದುಕೊಳ್ಳಿ. 2 ಗ್ರೇಯ 37 ಕಂತು, ಒಟ್ಟು 74. ಇನ್ನೊಂದು ಕಡೆ 3 ಗ್ರೇಯ 20 ಕಂತು, ಒಟ್ಟು 60. ಅನುಪಾತ 10 ಅಂತ ಇಟ್ಟರೆ ಬಿಇಡಿ 88.8 ಮತ್ತು 78, ಅಂದರೆ 60 ಗ್ರೇ ತುಂಬಾ ಹಿಂದೆ. 1999ರಲ್ಲಿ ಬ್ರೆನ್ನರ್ ಮತ್ತು ಹಾಲ್ ಪ್ರಾಸ್ಟೇಟಿನ ಅನುಪಾತ 1.5ರ ಹತ್ತಿರ ಇರಬಹುದು ಅಂದರು. ಅದನ್ನಿಟ್ಟರೆ 172.7 ಮತ್ತು 180. ಈಗ 60 ಗ್ರೇ ಸ್ವಲ್ಪ ಮುಂದೆ! ಬ್ರಿಟನ್ನಿನ ಚಿಪ್ ಟ್ರಯಲ್ 3,200ಕ್ಕೂ ಹೆಚ್ಚು ಗಂಡಸರಲ್ಲಿ ಇದನ್ನು ನೋಡಿತು. 2016ರಲ್ಲಿ ಬಂದ ಫಲಿತಾಂಶದಲ್ಲಿ, ಐದು ವರ್ಷಕ್ಕೆ ರೋಗ ಮರುಕಳಿಸದೆ ಇದ್ದವರು 74 ಗ್ರೇ ಗುಂಪಿನಲ್ಲಿ ಶೇಕಡ 88.3, 60 ಗ್ರೇ ಗುಂಪಿನಲ್ಲಿ 90.6. ಎರಡು ಅಕ್ಷರದ ಮಾದರಿಗೆ ಇದು ಸಣ್ಣ ಸಾಧನೆ ಅಲ್ಲ, ಅಲ್ವಾ?

ಆದರೆ ಅದೇ ಟ್ರಯಲ್‌ನಲ್ಲಿ ಮೂರನೇ ಗುಂಪೂ ಇತ್ತು: 3 ಗ್ರೇಯ 19 ಕಂತು, 57 ಗ್ರೇ. ಅನುಪಾತ 1.5ರಲ್ಲಿ ಅದರ ಬಿಇಡಿ 171, ಅಂದರೆ 74 ಗ್ರೇಗೆ ಹೆಚ್ಚುಕಡಿಮೆ ಸಮ. ನಿಜದಲ್ಲಿ ಬಂದದ್ದು 85.9. ಅದು 74 ಗ್ರೇಗಿಂತ ಕಡಿಮೆಯಲ್ಲ ಅಂತ ತೋರಿಸಲು ಆಗಲಿಲ್ಲ. ಬಿಇಡಿಯ ಕೊನೆಯ ಅಂಕಿಯನ್ನು ತುಂಬಾ ನಂಬಬಾರದು ಅನ್ನುವುದಕ್ಕೆ ನಾನು ಇದನ್ನೇ ತೋರಿಸುತ್ತೇನೆ.

ಗರ್ಭಕಂಠದ ಕ್ಯಾನ್ಸರ್‌ಗೆ ಕೊಡುವ ಬ್ರಾಕಿಥೆರಪಿಯಲ್ಲಿ (ರೇಡಿಯೇಷನ್ ಮೂಲವನ್ನೇ ದೇಹದೊಳಗೆ ಗೆಡ್ಡೆಯ ಹತ್ತಿರ ಇಡುವ ಚಿಕಿತ್ಸೆಯಲ್ಲಿ) ಎಲ್‌ಕ್ಯೂ ಇನ್ನೂ ಹತ್ತಿರದ್ದು. ನಮ್ಮ ಕಡೆಯ ವಿಭಾಗಗಳಲ್ಲಿ ಇದು ದಿನದ ಕೆಲಸ. 7 ಗ್ರೇ ನಾಲ್ಕು ಸಲ, ಒಟ್ಟು 28. ಇದನ್ನು 2 ಗ್ರೇ ಕಂತಿನ ಭಾಷೆಗೆ, ಅಂದರೆ ಇಕ್ಯೂಡಿ2ಗೆ ತಿರುಗಿಸಿದರೆ ಗೆಡ್ಡೆಗೆ 39.7 ಗ್ರೇ. ಗುದನಾಳಕ್ಕೂ ಅಷ್ಟೇ ಡೋಸ್ ಬಿದ್ದರೆ ಅದಕ್ಕೆ 56. ಒಂದೇ 28, ಎರಡು ಅರ್ಥ. ಅದಕ್ಕೇ ಗಾಜ್ ಬಟ್ಟೆ ತುಂಬಿ (ಪ್ಯಾಕಿಂಗ್) ಗುದನಾಳವನ್ನು ಮೂಲದಿಂದ ದೂರ ತಳ್ಳಲು ಡಾಕ್ಟರು ಅಷ್ಟು ಹೊತ್ತು ತೆಗೆದುಕೊಳ್ಳುವುದು.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ಓದುವಾಗ ಒಂದು ಅಸೈನ್‌ಮೆಂಟಿನಲ್ಲಿ 30 ಗ್ರೇ, 10 ಕಂತನ್ನು ಬೆನ್ನುಹುರಿಗೆ ತಿರುಗಿಸಬೇಕಿತ್ತು. ಶೀಟಿನಲ್ಲಿ ಅನುಪಾತ 10 ಅಂತಲೇ ಇತ್ತು, ಬದಲಿಸಲು ಮರೆತೆ. 32.5 ಬಂತು. ಬರಬೇಕಾಗಿದ್ದದ್ದು 37.5. ಅದೇ ಜಾಗಕ್ಕೆ ಎರಡನೇ ಸಲ ರೇಡಿಯೇಷನ್ ಕೊಡುವ ಲೆಕ್ಕದಲ್ಲಿ 5 ಗ್ರೇ ಅಂದರೆ ಹುಡುಗಾಟ ಅಲ್ಲ. ಕಾಗದದ ಮೇಲೆ ಆದದ್ದು ಪುಣ್ಯ. ಮಾದರಿ ಆರಿಸುವಾಗ ಆಗುವ ತಪ್ಪಿಗಿಂತ ಅನುಪಾತ ಹಾಕುವಾಗ ಆಗುವ ತಪ್ಪೇ ಜಾಸ್ತಿ ಅಂತ ಅವತ್ತಿನಿಂದ ನನ್ನ ಅಭಿಪ್ರಾಯ.

ಕಂತು ದೊಡ್ಡದಾದಾಗ

ಎಲ್‌ಕ್ಯೂ ಗೆರೆ ಬಗ್ಗುತ್ತಲೇ ಹೋಗುತ್ತದೆ, ನಿಲ್ಲುವುದೇ ಇಲ್ಲ. ಪ್ಲೇಟಿನಲ್ಲಿ ಬೆಳೆಸಿದ ಎಷ್ಟೋ ಕೋಶಗಳು ಮಾತ್ರ ಹೆಚ್ಚು ಡೋಸಿನಲ್ಲಿ ನೇರಕ್ಕೆ ತಿರುಗುತ್ತವೆ. 2 ಗ್ರೇ ಕಾಲದಲ್ಲಿ ಇದು ಯಾರಿಗೂ ತಲೆನೋವಾಗಿರಲಿಲ್ಲ. ಎಸ್‌ಬಿಆರ್‌ಟಿ (ಸಣ್ಣ ಗುರಿಗೆ ಕೆಲವೇ ದೊಡ್ಡ ಕಂತು ಕೊಡುವ ಚಿಕಿತ್ಸೆ) ಬಂದು ಶ್ವಾಸಕೋಶಕ್ಕೆ ಒಂದು ಕಂತಿಗೆ 10, 12, 18 ಗ್ರೇ ಕೊಡಲು ಶುರುವಾದ ಮೇಲೆ ತಲೆನೋವಾಯಿತು.

ಪರಿಹಾರಗಳು ಹಲವು ಬಂದವು. 2004ರಲ್ಲಿ ಗೆರೇರೋ ಮತ್ತು ಲೀ ಎಲ್‌ಕ್ಯೂವನ್ನೇ ತಿದ್ದಿ ಬಾಲ ನೇರ ಮಾಡಿದರು. 2008ರಲ್ಲಿ ಡಲ್ಲಾಸ್‌ನ ಪಾರ್ಕ್ ಮತ್ತು ಸಂಗಡಿಗರ ಯೂನಿವರ್ಸಲ್ ಸರ್ವೈವಲ್ ಕರ್ವ್ ಬಂತು. ಅದು ಭುಜಕ್ಕೆ ಎಲ್‌ಕ್ಯೂ, ಬಾಲಕ್ಕೆ ಮಲ್ಟಿ-ಟಾರ್ಗೆಟ್ ಹೊಲಿಯಿತು. ನೆನಪಿಟ್ಟುಕೊಳ್ಳಿ ಅಂದೆನಲ್ಲ, ಆ ಬಾಲ ಇದೇ. ಅದೇ ವರ್ಷ ಆಸ್ಟ್ರಾಹನ್ ಎಲ್‌ಕ್ಯೂ-ಎಲ್ ಅನ್ನೋ ಹೆಸರಿನಲ್ಲಿ ಇನ್ನೂ ಸರಳವಾಗಿ ಹೇಳಿದರು: ಒಂದು ಡೋಸ್ ದಾಟಿದ ಮೇಲೆ ಗೆರೆ ಆ ಬಿಂದುವಿನ ಇಳಿಜಾರಿನಲ್ಲೇ ನೇರ ಹೋಗಲಿ. ಮೂರರ ಆತ್ಮ ಒಂದೇ. ನಾನಾದರೆ ಎಲ್‌ಕ್ಯೂ-ಎಲ್ ಆರಿಸುತ್ತೇನೆ. ಕೈಯಲ್ಲೇ ಲೆಕ್ಕ ಹಾಕಬಹುದು, ಎಲ್ಲಿ ಏನಾಗುತ್ತಿದೆ ಅಂತ ಕಾಣುತ್ತದೆ.

ವ್ಯತ್ಯಾಸ ಎಷ್ಟು? ಶುರುವಿನಲ್ಲಿ ಇಟ್ಟ ಅದೇ ಆಲ್ಫಾ, ಬೀಟಾ, ಅದೇ 8 ಗ್ರೇ ತಿರುವು. 10 ಗ್ರೇಯ 5 ಕಂತಿಗೆ ಎಲ್‌ಕ್ಯೂ ಬಿಇಡಿ 100, ಎಲ್‌ಕ್ಯೂ-ಎಲ್ 98. ಗಲಾಟೆ ಮಾಡುವಷ್ಟೇನಿಲ್ಲ. 12 ಗ್ರೇಯ 4 ಕಂತಿಗೆ 105.6 ಮತ್ತು 99.2. 18 ಗ್ರೇಯ 3 ಕಂತಿಗೆ 151 ಮತ್ತು 121. ಇಲ್ಲಿ ಕಂದಕ ಬಿತ್ತು.

ಒಂದು ಎಚ್ಚರ, ಇದನ್ನು ಹೇಳುವವರು ಕಡಿಮೆ. ಶ್ವಾಸಕೋಶದ ಎಸ್‌ಬಿಆರ್‌ಟಿಯಲ್ಲಿ "ಬಿಇಡಿ 100 ದಾಟಬೇಕು" ಅನ್ನೋ ಮಾತು ಎಲ್ಲರ ಬಾಯಲ್ಲೂ ಇದೆ. ಅದು ಜಪಾನಿನ ಒನಿಶಿ ಮತ್ತು ಸಂಗಡಿಗರ ಪೇಷೆಂಟ್ ಫಲಿತಾಂಶಗಳಿಂದ ಬಂದದ್ದು, ಎಲ್‌ಕ್ಯೂನಲ್ಲಿ ಲೆಕ್ಕ ಹಾಕಿದ್ದು. ನೀವು ಎಲ್‌ಕ್ಯೂ-ಎಲ್‌ನಲ್ಲಿ 99.2 ತೆಗೆದು "ಅಯ್ಯೋ ನೂರು ದಾಟಲಿಲ್ಲ" ಅಂತ ಗಾಬರಿಯಾದರೆ, ಸೇರಿನಲ್ಲಿ ಅಳೆದ ಅಕ್ಕಿಯನ್ನು ಕೆಜಿ ರೇಟಿಗೆ ಮಾರಿದ ಹಾಗೆ. ಯಾವ ಮಾದರಿಯಲ್ಲಿ ಗೆರೆ ಎಳೆದರೋ ಅದರಲ್ಲೇ ಅಳೆಯಬೇಕು.

ಹಾಗಾದರೆ ಎಲ್‌ಕ್ಯೂ ಎಲ್ಲಿಯವರೆಗೆ? ಇದರ ಮೇಲೆ 2008ರಲ್ಲಿ ಒಂದೇ ಪತ್ರಿಕೆಯಲ್ಲಿ ಎದುರುಬದುರು ಲೇಖನಗಳು ಬಂದವು. ಸುಮಾರು 10 ಗ್ರೇವರೆಗೆ ಆಧಾರ ಚೆನ್ನಾಗಿದೆ, 18ರ ತನಕವೂ ಬಳಸಬಹುದು ಅಂತ ಬ್ರೆನ್ನರ್ ವಾದಿಸಿದರು. ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ರೇಡಿಯೋಸರ್ಜರಿಗೆ (ಸಣ್ಣ ಗುರಿಗೆ ಒಂದೇ ಸಲ ತುಂಬಾ ದೊಡ್ಡ ಡೋಸ್ ಕೊಡುವುದಕ್ಕೆ) ಇದು ಸಲ್ಲದು ಅಂದರು. ಸ್ವಾರಸ್ಯ ಏನೆಂದರೆ ಎಲ್‌ಕ್ಯೂ ಮೇಲಿನ ಎರಡು ದೂರುಗಳು ಎದುರುಬದುರು ದಿಕ್ಕಿನವು. ಪ್ಲೇಟಿನ ಕೋಶ ನೋಡಿದವರು ಎಲ್‌ಕ್ಯೂ ಸಾವನ್ನು ಹೆಚ್ಚು ತೋರಿಸುತ್ತದೆ ಅಂದರು. ರೇಡಿಯೋಸರ್ಜರಿ ಮಾಡುವವರು ಪೇಷೆಂಟ್‌ಗಳಲ್ಲಿ ಫಲಿತಾಂಶ ಇದರ ಲೆಕ್ಕಕ್ಕಿಂತ ಚೆನ್ನಾಗಿದೆ, ದೊಡ್ಡ ಡೋಸಿಗೆ ಗೆಡ್ಡೆಯ ರಕ್ತನಾಳಗಳೂ ಹಾಳಾಗುತ್ತವೆ ಅಂದರು. 2014ರಲ್ಲಿ ಬ್ರೌನ್, ಕಾರ್ಲ್‌ಸನ್, ಬ್ರೆನ್ನರ್ ಸೇರಿ, ಹೊಸ ಕಾರಣ ಬೇಕಿಲ್ಲ, ಬಿಇಡಿ ಅಷ್ಟು ದೊಡ್ಡದಿರುವುದೇ ಸಾಕು ಅಂದರು. ನನ್ನ ರೂಢಿ ಹೀಗೆ: 8 ಗ್ರೇವರೆಗೆ ಎಲ್‌ಕ್ಯೂ, ಬೇರೆ ಯೋಚನೆಯೇ ಇಲ್ಲ. 8ರಿಂದ 15ರವರೆಗೆ ಎರಡರಲ್ಲೂ ಹಾಕಿ ನೋಡುವುದು. ಅದರ ಮೇಲೆ ಯಾವ ಸೂತ್ರವನ್ನೂ ನೆಚ್ಚದೆ, ಅದೇ ಡೋಸ್ ಕೊಟ್ಟ ಪೇಷೆಂಟ್‌ಗಳ ಫಲಿತಾಂಶ ಹುಡುಕುವುದು.

ಡೋಸ್ ತೀರಾ ಸಣ್ಣದಾದಾಗ

ಇನ್ನೊಂದು ತುದಿಯಲ್ಲೂ ಎಲ್‌ಕ್ಯೂ ತಪ್ಪುತ್ತದೆ. ಅರ್ಧ ಗ್ರೇಗಿಂತ ಕೆಳಗೆ ಕೆಲವು ಕೋಶಗಳು ಎಲ್‌ಕ್ಯೂ ಹೇಳುವುದಕ್ಕಿಂತ ಜಾಸ್ತಿ ಸಾಯುತ್ತವೆ. ಸಣ್ಣ ಏಟು ರಿಪೇರಿಯ ವ್ಯವಸ್ಥೆಯನ್ನು ಎಬ್ಬಿಸುವುದೇ ಇಲ್ಲ. ಮಾರ್ಪಲ್ಸ್ ಮತ್ತು ಜಾಯ್ನರ್ 1993ರಲ್ಲಿ ಹ್ಯಾಮ್‌ಸ್ಟರ್‌ನ ವಿ79 ಕೋಶಗಳಲ್ಲಿ ಇದನ್ನು ತೋರಿಸಿ, ಆಲ್ಫಾವನ್ನೇ ಡೋಸಿನ ಜೊತೆ ಬದಲಾಗಲು ಬಿಡುವ ಮಾದರಿ ಕೊಟ್ಟರು. ಸುತ್ತಲಿನ ಅಂಗಕ್ಕೆ ಚದುರಿ ಬೀಳುವ ಸಣ್ಣ ಡೋಸಿನ ಸಂಶೋಧನೆ ನಿಮ್ಮದಾದರೆ ಇದು ಬೇಕು. ಇಲ್ಲವಾದರೆ ಬಿಡಿ.

ಗಡಿಯಾರದ ಪ್ರಶ್ನೆ

ಮೇಲಿನ ಬಿಇಡಿ ಸೂತ್ರದಲ್ಲಿ ದಿನಗಳೇ ಇಲ್ಲ, ಗಮನಿಸಿದಿರಾ? ತಲೆ-ಕುತ್ತಿಗೆ ಕ್ಯಾನ್ಸರ್‌ನಲ್ಲಿ ಇದು ಕೈಕೊಡುತ್ತದೆ. ಸುಮಾರು ನಾಲ್ಕು ವಾರ ಆದಮೇಲೆ ಉಳಿದ ಕೋಶಗಳು ಜೋರಾಗಿ ಬೆಳೆಯಲು ಶುರುಮಾಡುತ್ತವೆ, ದಿನಕ್ಕೆ ಸುಮಾರು 0.6 ಗ್ರೇ ಅದಕ್ಕೇ ಖರ್ಚು ಅಂತ ವಿದರ್ಸ್ ಮತ್ತು ಸಂಗಡಿಗರು 1988ರಲ್ಲಿ ತೋರಿಸಿದರು. "ಕರೆಂಟ್ ಕೊಡಿಸಿಕೊಳ್ಳಲು" ಬಂದವರು ಹಬ್ಬಕ್ಕೋ ನಾಟಿಗೋ ಊರಿಗೆ ಹೋಗಿ ಐದು ದಿನ ತಪ್ಪಿಸಿದರೆ, ಅಥವಾ ಮಷಿನ್ ಕೆಟ್ಟು ನಿಂತರೆ, ಕೊನೆಯ ವಾರಗಳಲ್ಲಿ 3 ಗ್ರೇ ಕಳೆದುಕೊಂಡ ಹಾಗೆ. ಇಲ್ಲಿ ಮಾದರಿ ಬದಲಿಸುವುದು ಬೇಡ. ಅದೇ ಎಲ್‌ಕ್ಯೂಗೆ ಬೆಳವಣಿಗೆಯ ಪದವನ್ನು ಕಳೆಯುವುದು ಸಾಕು. ನಿಧಾನ ಬೆಳೆಯುವ ಪ್ರಾಸ್ಟೇಟಿಗೆ ಇದರ ಗೊಡವೆ ಕಡಿಮೆ.

ಡೋಸ್ ಗಂಟೆಗಟ್ಟಲೆ ನಿಧಾನವಾಗಿ ಬಂದರೆ ಮಧ್ಯದಲ್ಲೇ ರಿಪೇರಿ ನಡೆಯುತ್ತದೆ. ಆಗ ಬೀಟಾ ಭಾಗವನ್ನು ಮಾತ್ರ ಒಂದು ಗುಣಕದಿಂದ ತಗ್ಗಿಸುತ್ತಾರೆ. ಲೀ ಮತ್ತು ಕ್ಯಾಚ್‌ಸೈಡ್ 1942ರಲ್ಲೇ ಕೊಟ್ಟ ಗುಣಕ ಅದು. ರಿಪೇರಿಯ ಒಳಗಿನ ಕಥೆಯನ್ನೇ ಬರೆಯುವ ಮಾದರಿಗಳೂ ಇವೆ. 1985ರ ಟೋಬಿಯಾಸ್ ಅವರದ್ದು, 1986ರ ಕರ್ಟಿಸ್ ಅವರ ಎಲ್‌ಪಿಎಲ್. ಎಲ್‌ಪಿಎಲ್‌ನಲ್ಲಿ ಗಾಯಗಳು ಎರಡು ಬಗೆ: ಕೊಂದೇ ತೀರುವವು, ಮತ್ತು ರಿಪೇರಿ ಆಗದೆ ಹೋದರೆ ಕೊಲ್ಲುವವು. ಓದಲು ಇವು ಎಲ್‌ಕ್ಯೂಗಿಂತ ಚೆಂದ. ಸಣ್ಣ ಡೋಸಿನಲ್ಲಿ ಎಲ್‌ಕ್ಯೂಗೇ ಇಳಿಯುತ್ತವೆ. ಆದರೆ ಇವುಗಳ ಎಲ್ಲ ಸ್ಥಿರಾಂಕಗಳನ್ನು ಒಂದು ಸರ್ವೈವಲ್ ಗ್ರಾಫಿನಿಂದ ತೆಗೆಯುತ್ತೇನೆ ಅಂದರೆ ಆಗುವ ಮಾತಲ್ಲ. ಡೋಸ್ ವೇಗ ಬದಲಿಸಿ ಮಾಡಿದ ಪ್ರಯೋಗ ಬೇಕು.

ಕಾರ್ಬನ್, ಪ್ರೋಟಾನ್

ಚೆನ್ನೈಯಲ್ಲಿ 2019ರಿಂದ ಪ್ರೋಟಾನ್ ಇದೆ. ಅದಕ್ಕೆ 1.1ರಿಂದ ಗುಣಿಸಿ ಎಲ್‌ಕ್ಯೂ ಲೆಕ್ಕವನ್ನೇ ಮುಂದುವರಿಸುತ್ತಾರೆ. ಕಾರ್ಬನ್ ಅಯಾನಿಗೆ ಒಂದೇ ಗುಣಕ ಸಾಲದು, ಬೀಮ್ ದೇಹದೊಳಗೆ ಹೋದ ಹಾಗೆಲ್ಲ ಅದು ಬದಲಾಗುತ್ತದೆ. ಅದನ್ನು ಲೆಕ್ಕ ಹಾಕಲು ಜಪಾನಿನವರು ಹಾಕಿನ್ಸ್ ಅವರ ಎಂಕೆಎಂ ಮಾದರಿಯನ್ನು ತಿದ್ದಿ ಬಳಸಿಕೊಂಡರು. ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಶೋಲ್ಜ್ ಮತ್ತು ಕ್ರಾಫ್ಟ್ ಎಲ್‌ಇಎಂ ಅನ್ನೋ ಮಾದರಿ ಕಟ್ಟಿದರು. ಎರಡು ಕಡೆಯ ಡೋಸಿನ ಸಂಖ್ಯೆಗಳು ಒಂದೇ ಥರ ಕಂಡರೂ ಒಂದೇ ಅಲ್ಲ, ನೇರ ಹೋಲಿಸಬಾರದು. ಕಾರ್ಬನ್ ಪೇಪರ್ ಓದುವಾಗ ಇಷ್ಟು ಗೊತ್ತಿದ್ದರೆ ಸದ್ಯಕ್ಕೆ ಸಾಕು.

ನಿಮ್ಮದೇ ಗ್ರಾಫಿಗೆ ಮಾದರಿ ಕೂರಿಸುವಾಗ

ಲ್ಯಾಬ್‌ನವರಿಗೆ ಈ ಮಾತು. ಸಾಮಾನ್ಯವಾಗಿ ಕೈಯಲ್ಲಿರುವುದು 0, 1, 2, 4, 6, 8 ಗ್ರೇ, ಆರು ಬಿಂದು. ಎಲ್‌ಕ್ಯೂಗೆ ಎರಡು ಸ್ಥಿರಾಂಕ, ಎಲ್‌ಕ್ಯೂ-ಎಲ್‌ಗೆ ಮೂರು, ಮಾರ್ಪಲ್ಸ್-ಜಾಯ್ನರ್‌ಗೆ ನಾಲ್ಕು. ಆರು ಬಿಂದುವಿಗೆ ನಾಲ್ಕು ಸ್ಥಿರಾಂಕ ಕೂರಿಸಿದರೆ ಗೆರೆ ಚೆನ್ನಾಗಿಯೇ ಕೂರುತ್ತದೆ, ಕೂರದೆ ಇನ್ನೇನು ಮಾಡೀತು? ಅದು ಮಾದರಿ ಸರಿ ಅನ್ನೋದಕ್ಕೆ ಸಾಕ್ಷಿ ಅಲ್ಲ. ಎಐಸಿಯಂಥ ಅಳತೆ ಬಳಸಿ, ಹೆಚ್ಚಿನ ಸ್ಥಿರಾಂಕಕ್ಕೆ ದಂಡ ಹಾಕುತ್ತದೆ ಅದು.

ಎಲ್‌ಕ್ಯೂನಲ್ಲೇ ಒಂದು ತೊಡಕಿದೆ. ಆಲ್ಫಾ ಸ್ವಲ್ಪ ಏರಿದರೆ ಬೀಟಾ ಇಳಿದು ಸರಿತೂಗಿಸುತ್ತದೆ, ಗೆರೆ ಹೆಚ್ಚುಕಡಿಮೆ ಅಲ್ಲೇ ಇರುತ್ತದೆ. ಹಾಗಾಗಿ ಅನುಪಾತದ ಅನಿಶ್ಚಿತತೆ ತುಂಬಾ ಅಗಲ. "ಆಲ್ಫಾ-ಬೀಟಾ 6.83" ಅಂತ ಎರಡು ದಶಾಂಶ ಬರೆದು ಪಕ್ಕದಲ್ಲಿ ವ್ಯಾಪ್ತಿ ಕೊಡದ ವರದಿ ಕಂಡರೆ ನನಗೆ ಅನುಮಾನ. ಮೂರು ಸಲ ಬೇರೆ ಬೇರೆ ದಿನ ಮಾಡಿದ ಪ್ರಯೋಗ ಇರಬೇಕು. ಒಂದೇ ದಿನದ ಮೂರು ಪ್ಲೇಟ್ ಅದಕ್ಕೆ ಸಮ ಅಲ್ಲ. 8 ಗ್ರೇಯಲ್ಲಿ ಕಾಲನಿಗಳು ಕಡಿಮೆ ಇರುವುದರಿಂದ, ಆ ಬಿಂದುವಿಗೆ 1 ಗ್ರೇ ಬಿಂದುವಿನಷ್ಟೇ ತೂಕ ಕೊಡಬೇಡಿ. ಆರ್ ಸಾಫ್ಟ್‌ವೇರ್ ಬಳಸುವವರಿಗೆ ಸಿಎಫ್‌ಅಸ್ಸೇ ಪ್ಯಾಕೇಜ್ ಇದನ್ನೆಲ್ಲ ನೋಡಿಕೊಳ್ಳುತ್ತದೆ.

ಮತ್ತೆ, 8 ಗ್ರೇಗೆ ಅಳತೆ ಮುಗಿದಿದ್ದರೆ ಗೆರೆಯನ್ನೂ ಅಲ್ಲೇ ನಿಲ್ಲಿಸಿ. 20 ಗ್ರೇವರೆಗೆ ಎಳೆಯಲೇಬೇಕು ಅಂತ ಗೈಡ್ ಹಟ ಮಾಡಿದರೆ ಚುಕ್ಕಿ ಗೆರೆ ಎಳೆಯಿರಿ, ಎರಡು ಚುಕ್ಕಿ ಗೆರೆ: ಒಂದು ಎಲ್‌ಕ್ಯೂ, ಇನ್ನೊಂದು ಬಾಲ ನೇರ ಮಾಡಿದ್ದು.